ಕುಂಡದ ಅಳತೆ, ಬೇರಿನ ಜಾಗ: ಬಾಲ್ಕನಿಯ ಗಿಡಕ್ಕೆ ಎಷ್ಟು ಮಣ್ಣು ಬೇಕು?

ಮುಂಬಯಿ ಪ್ರದೇಶದ ಡೊಂಬಿವಿಲಿ, ಮುಲುಂಡ್ ಕಡೆಯ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಕಿಟಕಿಯ ಗ್ರಿಲ್ಲಿನೊಳಗೆ ತುಳಸಿಯ ಪಕ್ಕ ಒಂದು ಬಸಳೆ ಬಳ್ಳಿಯೂ ಇರುತ್ತದೆ. ಮೊದಲೆರಡು ತಿಂಗಳು ಅಂಗೈಯಗಲದ ಎಲೆ ಬಿಟ್ಟ ಬಳ್ಳಿ ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ನಾಣ್ಯದಷ್ಟು ಎಲೆಗಳನ್ನೇ ಬಿಡತೊಡಗಿದರೆ, ಬಹುಪಾಲು ಸಂದರ್ಭಗಳಲ್ಲಿ ಬೇರಿಗೆ ಜಾಗ ಮುಗಿದಿದೆ ಎಂದೇ ಅರ್ಥ. 2012ರಲ್ಲಿ ಜರ್ಮನಿಯ ಸಂಶೋಧನಾ ಸಂಸ್ಥೆಯೊಂದರ ಸಸ್ಯವಿಜ್ಞಾನಿ ಹೆಂಡ್ರಿಕ್ ಪೋರ್ಟರ್ ಮತ್ತು ಸಂಗಡಿಗರು 65 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕುಂಡದ ಗಾತ್ರ ಇಮ್ಮಡಿಯಾದರೆ ಗಿಡದ ತೂಕ ಸರಾಸರಿ ಶೇ 43ರಷ್ಟು ಹೆಚ್ಚುವುದು ಕಂಡುಬಂತು. ಬೇರು ಇಕ್ಕಟ್ಟಿಗೆ ಸಿಕ್ಕಿದಾಗ ಎಲೆಗಳು ಆಹಾರ ತಯಾರಿಸುವ ವೇಗವೇ ತಗ್ಗುತ್ತದೆ ಎಂಬುದು ಅವರು ಕೊಟ್ಟ ಮುಖ್ಯ ಕಾರಣ.

ಮೊದಲು ಬೇರನ್ನು ಪರೀಕ್ಷಿಸಬೇಕು. ಬೆಳಿಗ್ಗೆ ನೀರುಣಿಸಿದ ಗಿಡ ಮಧ್ಯಾಹ್ನಕ್ಕೇ ಬಾಡುವುದು, ಹಾಕಿದ ನೀರು ನಿಲ್ಲದೆ ತಳದಿಂದ ಹರಿದುಹೋಗುವುದು, ತಳದ ತೂತಿನಿಂದ ಬೇರು ಇಣುಕುವುದು ಇಕ್ಕಟ್ಟಿನ ಲಕ್ಷಣಗಳು. ಸಂದೇಹವಿದ್ದರೆ ನೀರು ಹಾಕಿ ಒಂದು ಗಂಟೆ ಬಿಟ್ಟು, ಬುಡವನ್ನು ಬೆರಳುಗಳ ನಡುವೆ ಹಿಡಿದು ಕುಂಡವನ್ನು ಬಾಗಿಸಿ ಮೆಲ್ಲನೆ ತಟ್ಟಿರಿ. ಹೊರಬಂದ ಹೆಂಟೆಯ ಸುತ್ತ ಬೇರು ಸಿಂಬಿಯಂತೆ ಸುತ್ತಿಕೊಂಡು ಮಣ್ಣೇ ಕಾಣದಿದ್ದರೆ ಕುಂಡ ಬದಲಿಸುವ ಹೊತ್ತು ಬಂದಿದೆ.

ಇನ್ನು ಅಳತೆ. ನರ್ಸರಿಯವರು ಕುಂಡವನ್ನು ಬಾಯಿಯ ಇಂಚಿನ ಲೆಕ್ಕದಲ್ಲಿ ಮಾರುತ್ತಾರೆ. ಆದರೆ ಬೇರಿಗೆ ಬೇಕಾಗಿರುವುದು ಲೀಟರಿನ ಲೆಕ್ಕ. ಅಗಲ, ಎತ್ತರ ಎರಡೂ 6 ಇಂಚಿರುವ ನೇರ ಗೋಡೆಯ ಕುಂಡ ಸುಮಾರು 2.8 ಲೀಟರ್ ಹಿಡಿದರೆ, 12 ಇಂಚಿನದು ಅದರ ಎಂಟು ಪಟ್ಟು, ಅಂದರೆ 22 ಲೀಟರಿಗಿಂತ ಹೆಚ್ಚು ಹಿಡಿಯುತ್ತದೆ. ಕೆಳಗೆ ಕಿರಿದಾಗುವ ಕುಂಡಗಳಲ್ಲಿ ಇದು ಕಡಿಮೆಯಾಗುವುದರಿಂದ, ತೂತು ಮುಚ್ಚಿ ಲೀಟರ್ ಬಾಟಲಿಯಿಂದ ನೀರು ಸುರಿದು ಅಳೆಯುವುದೇ ಮೇಲು. ಮೆಂತ್ಯ, ಕೊತ್ತಂಬರಿಗೆ 6ರಿಂದ 8 ಇಂಚಿನ ಆಳ ಸಾಕು. ಮೆಣಸಿನಕಾಯಿ ಗಿಡಕ್ಕೆ 10 ಇಂಚಿನ ಕುಂಡ, ಟೊಮೆಟೊ ಮತ್ತು ಬಸಳೆಗೆ 12 ಇಂಚಿನದು ಬೇಕು.

ಹಾಗೆಂದು ಪುಟ್ಟ ಸಸಿಯನ್ನು ನೇರವಾಗಿ ದೊಡ್ಡ ಕುಂಡಕ್ಕೆ ಹಾಕುವುದು, ಅದರಲ್ಲೂ ಮುಂಬಯಿಯ ಮಳೆಗಾಲದಲ್ಲಿ, ಅದನ್ನು ಕೊಳೆಯಲು ಬಿಟ್ಟಂತೆ. ಬೇರು ತಲುಪದ ಮಣ್ಣು ದಿನಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಪ್ರತಿ ಸಲ 2 ಇಂಚಿನಷ್ಟು ಮಾತ್ರ ದೊಡ್ಡ ಕುಂಡಕ್ಕೆ ಬಡ್ತಿ ಕೊಡಬೇಕು. ಎತ್ತರವೂ ಮುಖ್ಯವೇ: ನೆನೆದ ಸ್ಪಂಜನ್ನು ಅಡ್ಡಲಾಗಿ ಹಿಡಿದು, ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿದರೆ ಮತ್ತಷ್ಟು ನೀರು ಇಳಿಯುತ್ತದೆ. ಕುಂಡದಲ್ಲಿಯೂ ಹೀಗೆಯೇ. ಒಂದೇ ಬಗೆಯ ಮಣ್ಣು ತುಂಬಿದ ಎರಡು ಕುಂಡಗಳಲ್ಲಿ ತಗ್ಗಾದುದು ಹೆಚ್ಚು ಜವುಗಾಗಿರುತ್ತದೆ. ತಳಕ್ಕೆ ಜಲ್ಲಿಕಲ್ಲು ಹಾಕುವ ರೂಢಿಯಿಂದ ಈ ಜವುಗು ಹೋಗುವುದಿಲ್ಲ. ಬೇರಿನ ಜಾಗವನ್ನು ಕಲ್ಲು ನುಂಗುತ್ತದೆ, ಅಷ್ಟೆ.

ಕುಂಡ ಬದಲಿಸುವಾಗ ಸುತ್ತಿಕೊಂಡ ಬೇರನ್ನು ಹಾಗೆಯೇ ಇಟ್ಟರೆ ಅದು ಹೊಸ ಮಣ್ಣಿನಲ್ಲಿಯೂ ಸುತ್ತುತ್ತಲೇ ಇರಬಹುದು. ಚೂಪಾದ ಚಾಕುವಿನಿಂದ ಹೆಂಟೆಯ ಬದಿಯಲ್ಲಿ ಮೂರು ನಾಲ್ಕು ಕಡೆ ಮೇಲಿನಿಂದ ಕೆಳಕ್ಕೆ ತೆಳುವಾಗಿ ಗೀರಿ, ಬುಡ ಮೊದಲಿದ್ದ ಮಟ್ಟದಲ್ಲಿಯೇ ಇರುವಂತೆ ಹೊಸ ಮಣ್ಣು ತುಂಬಿ ಚೆನ್ನಾಗಿ ನೀರುಣಿಸಿರಿ.

ಜಾಗವಿಲ್ಲದವರ ಕಷ್ಟ ಬೇರೆ. ಒದ್ದೆ ಮಣ್ಣು ತುಂಬಿದ 12 ಇಂಚಿನ ಕುಂಡ 30 ಕಿಲೋ ಮೀರಬಹುದು, ಹಳೆಯ ಕಟ್ಟಡದ ತುಕ್ಕು ಹಿಡಿದ ಗ್ರಿಲ್ಲಿನ ಮೇಲೆ ಅದನ್ನು ಇಡುವ ಧೈರ್ಯ ಮಾಡಬಾರದು. ಕರಿಬೇವಿನಂಥ ಗಟ್ಟಿ ಗಿಡವಾದರೆ ಅದೇ ಕುಂಡದಲ್ಲಿ ಉಳಿಸಿಕೊಳ್ಳುವ ದಾರಿಯುಂಟು. ಮೊದಲ ಮಳೆಗೆ ಸೆಕೆ ತಗ್ಗಿದ ಮೇಲೆ ಗಿಡವನ್ನು ಹೊರತೆಗೆದು, ಹೆಂಟೆಯ ಸುತ್ತಲೂ ತಳದಲ್ಲೂ ಒಂದು ಇಂಚಿನಷ್ಟು ಬೇರು ಕತ್ತರಿಸಿ, ಮೇಲಿನ ಕೊಂಬೆಗಳನ್ನೂ ಮೂರನೆಯ ಒಂದು ಭಾಗದಷ್ಟು ಸವರಿ, ಖಾಲಿಯಾದ ಜಾಗಕ್ಕೆ ಹೊಸ ಮಣ್ಣು ತುಂಬಬೇಕು. ಎರಡು ಮೂರು ದಿನ ಎಲೆ ಜೋತುಬಿದ್ದರೆ ಗಾಬರಿಯಾಗಿ ಮತ್ತೆ ಮತ್ತೆ ನೀರು ಹಾಕಬೇಡಿ. ಒಂದು ವಾರ ನೆರಳಿನಲ್ಲಿಡಿ, ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ.