ಬೂಷ್ಟು ಹಿಡಿದ ಗೋಡೆ: ಬಣ್ಣಕ್ಕೆ ಮೊದಲು ದೂರು

ಬೆಂಗಳೂರಿನಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಮಳೆ ಹಿಡಿದುಕೊಂಡಿತೆಂದರೆ ಹೊಸ ಅಪಾರ್ಟ್‌ಮೆಂಟುಗಳಲ್ಲೂ ಬೀರುವಿನ ಹಿಂದೆ ಕಪ್ಪು ಚುಕ್ಕೆಗಳು ಏಳುತ್ತವೆ. ಮನೆಯವರು ತಕ್ಷಣ ಪೇಂಟರ್‌ನನ್ನು ಕರೆಸುತ್ತಾರೆ. ಕೈಯಿಂದ ಹಣವೂ ಹೋಗುತ್ತದೆ, ಗೋಡೆಯ ಮೇಲಿದ್ದ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಬಿಲ್ಡರ್ ಖರ್ಚಿನಲ್ಲಿ ಆಗಬೇಕಿದ್ದ ದುರಸ್ತಿಯನ್ನು ಜನ ಹೀಗೆ ತಮ್ಮ ತಲೆಗೆ ಕಟ್ಟಿಕೊಳ್ಳುವುದನ್ನು ಕಂಡು ಬೇಸತ್ತು ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಬೂಷ್ಟಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಕೈಹಿಡಿಯುವುದು 2016ರ ರೇರಾ ಕಾಯ್ದೆಯ, ಅಂದರೆ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ, 14(3)ನೇ ಕಲಂ. ಮನೆಯನ್ನು ಸ್ವಾಧೀನಕ್ಕೆ ಕೊಟ್ಟ ದಿನದಿಂದ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ಇರುವ ದೋಷವನ್ನು ಬಿಲ್ಡರ್ ಗಮನಕ್ಕೆ ತಂದರೆ, 30 ದಿನಗಳೊಳಗೆ ಅವರು ಪುಕ್ಕಟೆಯಾಗಿ ಸರಿಪಡಿಸಿಕೊಡಬೇಕು. ಕೊಡದಿದ್ದರೆ ಪರಿಹಾರ ಕೇಳುವ ಹಕ್ಕು ನಿಮ್ಮದು. ಆದ್ದರಿಂದ ಮೊದಲ ಕೆಲಸ, ಸ್ವಾಧೀನ ಪತ್ರ ಹುಡುಕಿ ತಾರೀಖು ನೋಡುವುದು.

ಎರಡನೆಯದು ನೀರಿನ ಮೂಲವನ್ನು ಗುರುತಿಸುವುದು. ಎಲ್ಲರೂ ಎಡವುವುದು ಇಲ್ಲೇ. ಬರೀ ‘ಗೋಡೆ ಒದ್ದೆಯಾಗಿದೆ’ ಎಂದು ಬರೆದರೆ, ‘ನೀವು ಕಿಟಕಿ ತೆರೆಯುವುದಿಲ್ಲ, ಬಟ್ಟೆಯನ್ನು ಒಳಗೇ ಒಣಗಿಸುತ್ತೀರಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದಕ್ಕೆ ಅವಕಾಶ ಕೊಡಬೇಡಿ. ಗೋಡೆಯ ಮೇಲ್ಮೈಯನ್ನು ಒರೆಸಿ, ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿನಲ್ಲಿ ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮುಖದಲ್ಲಿ ಹನಿ ಕಟ್ಟಿದ್ದರೆ ಅದು ಕೋಣೆಯ ಗಾಳಿಯ ತೇವ. ಕಿಟಕಿ ತೆರೆದಿಡಿ, ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಗೋಡೆಗೆ ತಾಗಿದ ಮುಖದಲ್ಲಿ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ.

ಎಲ್ಲಿಂದ? ನೆಲಮಹಡಿಯಲ್ಲಿ ಬುಡದಿಂದ ಸುಮಾರು ಮೂರು ಅಡಿಯವರೆಗೆ ಬಿಳಿ ಉಪ್ಪು ಹೊಮ್ಮಿ ಗಾರೆ ಉದುರುತ್ತಿದ್ದರೆ ಅಡಿಪಾಯದ ತೇವ ಮೇಲೇರುತ್ತಿರಬಹುದು. ಮಳೆಯ ಮರುದಿನ ಹೆಚ್ಚಿ ಬಿಸಿಲಿಗೆ ಕುಗ್ಗುವ ಕಲೆಯಾದರೆ ಹೊರಗೋಡೆಯ ಬಿರುಕನ್ನೋ ಕಿಟಕಿ ಚೌಕಟ್ಟಿನ ಸಂದನ್ನೋ ಅನುಮಾನಿಸಿ. ಮಳೆ-ಬಿಸಿಲಿನ ಹಂಗಿಲ್ಲದೆ ಸದಾ ಒದ್ದೆಯೇ? ಮೇಲಿನ ಮನೆಯವರನ್ನು ವಿನಯದಿಂದ ಒಪ್ಪಿಸಿ, ಅವರ ಸ್ನಾನದ ಮನೆಯ ಡ್ರೈನ್ ಮುಚ್ಚಿ, ಒಂದು ಇಂಚು ನೀರನ್ನು ಇಡೀ ದಿನ ನಿಲ್ಲಿಸಿ. ನಿಮ್ಮ ಚಾವಣಿಯ ಕಲೆ ಹರಡಿದರೆ ಮೂಲ ಸಿಕ್ಕಿತು. ಪ್ರತಿ ಹಂತದಲ್ಲೂ ಒಂದೇ ದೂರದಿಂದ, ಕಲೆಯ ಪಕ್ಕದಲ್ಲಿ ಅಳತೆ ಟೇಪ್ ಹಿಡಿದು ಫೋಟೊ ತೆಗೆಯಿರಿ.

ಈ ಮಧ್ಯೆ ‘ಡ್ಯಾಂಪ್ ಪ್ರೂಫ್’ ಪೇಂಟ್ ಮಾರಲು ಬರುವವರನ್ನು ಹತ್ತಿರ ಸೇರಿಸಬೇಡಿ. ಒದ್ದೆ ಗೋಡೆಗೆ ಒಳಗಿನಿಂದ ಬಳಿದ ಆ ಬಣ್ಣ ಗುಳ್ಳೆ ಎದ್ದು ಹಕ್ಕಳೆಯಾಗಿ ಬೀಳುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿಸಿ ತಿಕ್ಕುವ ಅಡ್ಡದಾರಿಯಂತೂ ಬೇಡವೇ ಬೇಡ. ಅವೆರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ.

ನಂತರ ಪತ್ರ. ‘ಮಲಗುವ ಕೋಣೆಯ ಪಶ್ಚಿಮ ಗೋಡೆ, ಕಿಟಕಿಯ ಕೆಳಗೆ, ಎರಡೂವರೆ ಅಡಿ ಅಗಲ, ಮಳೆಯ ಮರುದಿನ ಹೆಚ್ಚುತ್ತದೆ’ ಎಂಬಷ್ಟು ಖಚಿತವಾಗಿ ಬರೆದು, 14(3)ನೇ ಕಲಂ ಉಲ್ಲೇಖಿಸಿ, ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳುಹಿಸಿ. ರಸೀದಿ ಜೋಪಾನ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗೊಣಗಿದ್ದನ್ನು ನೋಟಿಸ್ ಎಂದು ನಂಬಿ ಕೂರಬೇಡಿ.

30 ದಿನ ಕಳೆದರೂ ಮೇಸ್ತ್ರಿ ಬಾರದಿದ್ದರೆ ಈ ಕಾಯ್ದೆಯಡಿಯ ಪ್ರಾಧಿಕಾರವಾದ ಕರ್ನಾಟಕ ರೇರಾದ ಜಾಲತಾಣದಲ್ಲಿ ದೂರು ದಾಖಲಿಸಿ. 500 ಚದರ ಮೀಟರ್ ಮೀರದ ಜಾಗದ ಅಥವಾ ಎಂಟು ಫ್ಲ್ಯಾಟ್ ಮೀರದ ಯೋಜನೆಗಳಿಗೆ ರೇರಾ ನೋಂದಣಿ ಕಡ್ಡಾಯವಲ್ಲ. ಅಂಥವರು ಗ್ರಾಹಕ ಆಯೋಗಕ್ಕೆ ಹೋಗಬಹುದು. ಅಲ್ಲಿ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಗಡುವಿದೆ.

ಬಾಡಿಗೆದಾರರೂ ಮಾಲೀಕರಿಗೆ ಬರವಣಿಗೆಯಲ್ಲೇ ತಿಳಿಸಲಿ. ಮಾಲೀಕರು ಮಾಡಿಸಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಕಡೆಗಣಿಸಿದರೆ, ತಾವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಲು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಅವಕಾಶ ಕೊಡುತ್ತದೆ. ಕರಾರು ಪತ್ರದಲ್ಲಿ ದುರಸ್ತಿ ಯಾರ ಹೊಣೆ ಎಂದಿದೆ ಎಂಬುದನ್ನು ಮೊದಲೇ ಓದಿಕೊಳ್ಳಿ.

ಬಿಲ್ಡರ್ ಕಡೆಯವರು ರಿಪೇರಿ ಮುಗಿಸಿದ ದಿನವೇ ‘ಕೆಲಸ ತೃಪ್ತಿಕರ’ ಎಂಬ ಪತ್ರ ಮುಂದಿಡುತ್ತಾರೆ. ಒಂದು ಜೋರು ಮಳೆ ಸುರಿದು, ಗೋಡೆ ಒಣಗಿಯೇ ಉಳಿದದ್ದನ್ನು ನೋಡುವವರೆಗೆ ಸಹಿ ಹಾಕಬೇಡಿ.