ಕರಟವೇ ಕುದುರೆ: ಆರ್ಥರ್ ರಾಜನ ಅಣಕು ಕಿರುಚಿತ್ರಕ್ಕೆ ತಯಾರಿ

ನೋಡುವವರಿಗೆ ಗೊತ್ತಿಲ್ಲದ್ದನ್ನು ಅಣಕಿಸಿದರೆ ಯಾರೂ ನಗುವುದಿಲ್ಲ. ಬ್ರಿಟನ್ನಿನ ದಂತಕಥೆಯ ಆರ್ಥರ್ ರಾಜನೆಂದರೆ ಕಲ್ಲಿನಲ್ಲಿ ನಾಟಿದ ಕತ್ತಿ, ದುಂಡುಮೇಜು, ಪವಿತ್ರ ಪಾತ್ರೆಯ ಹುಡುಕಾಟ: ಐದು ನಿಮಿಷದ ಚಿತ್ರಕ್ಕೆ ಇವುಗಳಲ್ಲಿ ಒಂದೇ ಸಾಕು. ರಾಜನ ಪಾತ್ರಧಾರಿ ಕೊನೆಯವರೆಗೂ ಗಂಭೀರವಾಗಿರಲಿ. ಅವನೇ ನಕ್ಕುಬಿಟ್ಟರೆ ದೃಶ್ಯ ಅಲ್ಲಿಗೇ ಕೆಟ್ಟಿತು.

ಇದೇ ರಾಜನನ್ನು ಅಣಕಿಸಿದ 1975ರ ಸಿನಿಮಾ 'ಮಾಂಟಿ ಪೈಥಾನ್ ಅಂಡ್ ದ ಹೋಲಿ ಗ್ರೇಲ್' ತಂಡಕ್ಕೆ ಕುದುರೆ ತರಲು ಹಣವಿರಲಿಲ್ಲ, ಕರಟ ಬಡಿದು ಗೊರಸಿನ ಸದ್ದು ಮಾಡಿಯೇ ಸವಾರಿ ಮಾಡಿಸಿದರು. ನಮಗಂತೂ ಕರಟಕ್ಕೆ ಬರವಿಲ್ಲ. ಆದರೆ ಮಚ್ಚಿನಲ್ಲಿ ಒಡೆದ ಕಾಯಿ ಬೇಡ, ಅಂಚು ಅಂಕುಡೊಂಕಾಗಿ ಸದ್ದು ಸೀಳುತ್ತದೆ. ಬಲಿತ ಕಾಯಿಯ ಕಣ್ಣು ಚುಚ್ಚಿ ನೀರು ಬಸಿದು, ನಡುವಿಗೆ ಗೆರೆ ಎಳೆದು, ಹ್ಯಾಕ್ಸಾ ಬ್ಲೇಡಿನಿಂದ ಸುತ್ತ ಕೊಯ್ಯಿರಿ. ತುರಿದು ತೆಗೆದ ಮೇಲೆ ಒಳಗೆ ಚೂರೂ ಕಾಯಿ ಉಳಿಯಬಾರದು, ಉಳಿದರೆ ಸದ್ದು ಮಂಕು. ಎರಡು ಮೂರು ದಿನ ಬಿಸಿಲಿಗಿಟ್ಟು, ಅಂಚಿಗೆ ಉಪ್ಪುಕಾಗದ ಉಜ್ಜಿ. ಕಣ್ಣಿರುವ ಹೋಳು, ಕಣ್ಣಿಲ್ಲದ ಹೋಳು ಬೇರೆ ಬೇರೆ ಸ್ವರ ಕೊಡುತ್ತವೆ. ಅದು ಒಳ್ಳೆಯದೇ, ನಿಜವಾದ ಗೊರಸುಗಳೂ ಒಂದೇ ಸ್ವರದಲ್ಲಿ ಬೀಳುವುದಿಲ್ಲ.

ಕುದುರೆಯ ನಡೆ ಸಿಗುವುದು ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕೊನ್ನಕೋಲಿನಲ್ಲಿ. ನಿಧಾನ ನಡಿಗೆಗೆ ಬಿಡಿಬಿಡಿಯಾಗಿ 'ತ-ಕ-ಧಿ-ಮಿ', ಕುಲುಕು ಓಟಕ್ಕೆ (ಟ್ರಾಟ್) ಸಮವಾದ 'ತಕ ತಕ', ನಾಗಾಲೋಟದ ಮುಂಚಿನ ಓಟಕ್ಕೆ 'ತಕಿಟ' ಹೇಳಿ ಒಂದು ಕ್ಷಣ ಬಿಡುವು. ಆ ಬಿಡುವಿನಲ್ಲಿ ನಾಲ್ಕೂ ಕಾಲು ಗಾಳಿಯಲ್ಲಿರುತ್ತವೆ. ಅದನ್ನು ನುಂಗಿದರೆ ಕುದುರೆ ಹೋಗಿ ಟೈಪ್‌ರೈಟರ್ ಆಗುತ್ತದೆ. ಮಣ್ಣಿನ ದಾರಿಗೆ ಟ್ರೇಯಲ್ಲಿ ಎರಡು ಅಂಗುಲ ಮಣ್ಣು ಹಾಕಿ, ಕೋಟೆಯ ಅಂಗಳಕ್ಕೆ ಕಲ್ಲುಚಪ್ಪಡಿ ಇಡಿ. ಮೈಕು ಒಂದಡಿ ದೂರದಲ್ಲಿ, ಕೊಂಚ ಓರೆಯಾಗಿರಲಿ. ಮೊಬೈಲಿನ ನಾಯ್ಸ್ ರಿಡಕ್ಷನ್ ಆಫ್ ಮಾಡಿ, ಇಲ್ಲದಿದ್ದರೆ ಅದು ಬಡಿತವನ್ನೇ ಗಲಾಟೆ ಎಂದು ಅಳಿಸೀತು. ರಾತ್ರಿ ಹನ್ನೊಂದರ ಮೇಲೆ, ಫ್ಯಾನು, ಫ್ರಿಜ್ಜು ನಿಲ್ಲಿಸಿ ರೆಕಾರ್ಡ್ ಮಾಡಿ.

ಸರಪಳಿ ಕವಚಕ್ಕೆ ಮಾಂಟಿ ಪೈಥಾನ್ ತಂಡದ್ದು ಹೆಣೆದ ಉಣ್ಣೆ, ಮೇಲೆ ಬೆಳ್ಳಿ ಬಣ್ಣ. ದಪ್ಪ ಬೂದು ಉಣ್ಣೆಯನ್ನು ಸಡಿಲವಾಗಿ ಹೆಣೆದು, ಒಣ ಸ್ಪಂಜಿನಿಂದ ಉಬ್ಬಿದ ಕುಣಿಕೆಗಳಿಗೆ ಮಾತ್ರ ಬಣ್ಣ ಮುಟ್ಟಿಸಿ. ಪೂರ್ತಿ ಬಳಿದರೆ ಬಟ್ಟೆ ರಟ್ಟಾಗುತ್ತದೆ. ಬಿಸಿಲೇರುವ ಮೊದಲೇ, ಬೆಳಿಗ್ಗೆ ಹತ್ತರೊಳಗೆ ಚಿತ್ರೀಕರಣ ಮುಗಿಸಿ.

ಕೋಟೆಯೆಂದು ಕೆ.ಆರ್. ಮಾರುಕಟ್ಟೆ ಬಳಿಯ ಬೆಂಗಳೂರು ಕೋಟೆಗೆ ಹೋಗಬೇಡಿ. ಅದು ಸಂರಕ್ಷಿತ ಸ್ಮಾರಕ, ಅನುಮತಿ ಬೇಕು. ಹಳೆ ಬಡಾವಣೆಯ ಸೈಜುಗಲ್ಲಿನ ಕಾಂಪೌಂಡ್ ಗೋಡೆಯೇ ಸಾಕು, ಮನೆಯವರನ್ನು ಕೇಳಿಕೊಳ್ಳಿ. ಸ್ಕಾಟ್ಲೆಂಡಿನ ಡೂನ್ ಕೋಟೆಯೊಂದನ್ನೇ ಕೋನ ಬದಲಿಸಿ ಹಲವು ಕೋಟೆಗಳಾಗಿ ತೋರಿಸಿದ್ದು ಅದೇ ಚಿತ್ರತಂಡ. ಕ್ಯಾಮೆರಾ ಮೊಣಕಾಲೆತ್ತರಕ್ಕೆ ಇಳಿಸಿ, ಕೇಬಲ್ ತಂತಿಗಳು ಫ್ರೇಮಿನ ಹೊರಗಿರಲಿ.