ಮಗುವಿನ ಕೆನ್ನೆ ಊದಿದೆಯಾ? ಎಲ್ಲಾ ಊತವೂ ಮಂಗನಬಾವು ಅಲ್ಲ

ನಮ್ಮ ಮಗನಿಗೆ ನಾಲ್ಕು ವರ್ಷ ಇದ್ದಾಗ ಒಂದು ದಿನ ಬೆಳಿಗ್ಗೆ ಎಡಗೆನ್ನೆ ಊದಿಸಿಕೊಂಡು ಎದ್ದ. ಇಡ್ಲಿ ಬಾಯಿಗಿಟ್ಟ ಕೂಡಲೇ ಕಿವಿ ಹಿಡಿದುಕೊಂಡು ಅತ್ತ. ಅತ್ತೆ ನೋಡಿದ ತಕ್ಷಣ ಮಂಗನಬಾವು ಅಂದರು. ಪಕ್ಕದ ಮನೆಯವರು ಕೆಪ್ಪಟರಾಯ ಬಂದಿದ್ದಾನೆ ಅಂದರು, ಹೆಸರು ಬೇರೆ, ಕಾಯಿಲೆ ಒಂದೇ. ನಾವು ಹೋದ ಕ್ಲಿನಿಕ್ಕಿನಲ್ಲೂ ಅದನ್ನೇ ಹೇಳಿ ಐದು ದಿನಕ್ಕೆ ಆಂಟಿಬಯೋಟಿಕ್ ಬರೆದುಕೊಟ್ಟರು. ನಾಲ್ಕು ದಿನಕ್ಕೆ ಊತ ಇಳಿಯಿತು. ಮೂರು ತಿಂಗಳಾದ ಮೇಲೆ ಮತ್ತೆ ಅದೇ ಕೆನ್ನೆ, ಮತ್ತೆ ಅದೇ ಔಷಧಿ. ಮೂರನೇ ಸಲ ಬೇರೆ ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಅವರು ಕೆನ್ನೆ ಮುಟ್ಟುವ ಮೊದಲೇ ಕೇಳಿದ್ದು, "ಇದು ಎಷ್ಟನೇ ಸಲ?"

ಆ ಪ್ರಶ್ನೆ ನಮಗೆ ಯಾರೂ ಕೇಳಿರಲಿಲ್ಲ. ಮಂಗನಬಾವು ಸಾಮಾನ್ಯವಾಗಿ ಜೀವನದಲ್ಲಿ ಒಂದೇ ಸಲ ಬರುವ ಕಾಯಿಲೆ. ಎರಡನೇ ಸಲ ಅದೇ ಕೆನ್ನೆ ಊದಿದರೆ ಬೇರೇನೋ ಇರುವ ಸಾಧ್ಯತೆ ಹೆಚ್ಚು. ಅವತ್ತಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಮೊದಲ ಸಲ ಊದಿದಾಗ ಮಗುವನ್ನು ಡಾಕ್ಟರಿಗೆ ತೋರಿಸಲೇಬೇಕು. ಆದರೆ ಅಲ್ಲಿಗೆ ಹೋಗುವ ಮೊದಲು ಮನೆಯಲ್ಲೇ ಸರಿಯಾಗಿ ನೋಡಿಕೊಂಡು ಹೋದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಊತ ಎಲ್ಲಿದೆ ನೋಡಿ

ಬಾಯಿಗೆ ಜೊಲ್ಲು ಸುರಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ ಇವೆ. ಕಿವಿಯ ಮುಂದೆ, ಸ್ವಲ್ಪ ಕೆಳಗೆ ಇರುವ ಜೊತೆ ಎಲ್ಲಕ್ಕಿಂತ ದೊಡ್ಡದು, ಅದನ್ನು ಪೆರೋಟಿಡ್ ಅನ್ನುತ್ತಾರೆ. ಇನ್ನೊಂದು ಜೊತೆ ದವಡೆಯ ಕೆಳಗೆ, ಮತ್ತೊಂದು ನಾಲಿಗೆಯ ಅಡಿಯಲ್ಲಿ. ಇವಲ್ಲದೆ ತುಟಿಯ ಒಳಗೆ, ಕೆನ್ನೆಯ ಒಳಗೆ, ಅಂಗುಳಲ್ಲಿ ನೂರಾರು ಪುಟಾಣಿ ಗ್ರಂಥಿಗಳಿವೆ. ಮಕ್ಕಳಲ್ಲಿ ಜಾಸ್ತಿ ತೊಂದರೆ ಕೊಡುವುದು ಪೆರೋಟಿಡ್.

ಮಗುವನ್ನು ಬೆಳಕಿರುವ ಕಡೆ ಸ್ಟೂಲಿನ ಮೇಲೆ ಕೂರಿಸಿ, ನೀವು ಹಿಂದೆ ನಿಂತು ಎರಡೂ ಕಿವಿಗಳನ್ನು ನೋಡಿ. ಪೆರೋಟಿಡ್ ಊದಿದ್ದರೆ ಆ ಕಡೆಯ ಕಿವಿಯ ಹಾಲೆ ಮೇಲಕ್ಕೆ, ಹೊರಕ್ಕೆ ತಳ್ಳಿದ ಹಾಗೆ ಕಾಣುತ್ತದೆ. ಆಮೇಲೆ ಕಿವಿಯ ಕೆಳಗೆ ದವಡೆ ಮೂಳೆ ತಿರುಗುವ ಮೂಲೆಯನ್ನು ಬೆರಳಿಂದ ಮೆಲ್ಲಗೆ ಮುಟ್ಟಿ. ಊತ ಆ ಮೂಲೆಯನ್ನೇ ಮುಚ್ಚಿಬಿಟ್ಟಿದ್ದರೆ ಅದು ಪೆರೋಟಿಡ್ ಇರುವ ಸಾಧ್ಯತೆ ಹೆಚ್ಚು. ಮೂಲೆ ಸರಿಯಾಗಿ ಸಿಗುತ್ತಿದ್ದು, ಅದರ ಕೆಳಗೆ ಕುತ್ತಿಗೆಯಲ್ಲಿ ಅಡಿಕೆಯ ಹಾಗೆ ದುಂಡಗಿನ ಗಂಟು ಜಾರುತ್ತಿದ್ದರೆ ಅದು ಹೆಚ್ಚಾಗಿ ದುಗ್ಧರಸ ಗ್ರಂಥಿ (ಲಿಂಫ್ ನೋಡ್), ನೆಗಡಿ, ಗಂಟಲು ನೋವು, ತಲೆಯಲ್ಲಿ ಹುಣ್ಣು ಆದಾಗ ಊದಿಕೊಳ್ಳುವಂಥದ್ದು. ಹುಳುಕು ಹಲ್ಲಿನಿಂದಲೂ ಕೆನ್ನೆ ಊದುತ್ತದೆ, ಹಾಗಾಗಿ ಹಲ್ಲುಗಳನ್ನೂ ನೋಡಿ.

ಈಗ ಬಾಯಿಯ ಒಳಗೆ. ಮೊಬೈಲ್ ಟಾರ್ಚ್ ಹಾಕಿ, ಚಮಚದ ಹಿಡಿಯಿಂದ ಕೆನ್ನೆಯನ್ನು ಹೊರಕ್ಕೆ ಸರಿಸಿ. ಮೇಲಿನ ದವಡೆ ಹಲ್ಲಿನ ಎದುರಿಗೆ, ಕೆನ್ನೆಯ ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಉಬ್ಬು ಕಾಣುತ್ತದೆ. ಪೆರೋಟಿಡ್ ಗ್ರಂಥಿಯ ಜೊಲ್ಲು ಬಾಯಿಗೆ ಬರುವ ಬಾಗಿಲು ಅದೇ. ಮಗು ಬಿಟ್ಟರೆ ಹೊರಗಿನಿಂದ ಕಿವಿಯ ಮುಂದಿನ ಜಾಗವನ್ನು ತೀರಾ ಮೆಲ್ಲಗೆ ಬಾಯಿಯ ಕಡೆಗೆ ಒತ್ತಿ. ನೀರಿನಂಥ ತಿಳಿ ಜೊಲ್ಲು ಬಂದರೆ ಸರಿ. ಹಳದಿಯಾಗಿ, ಕೀವಿನ ಹಾಗೆ ಬಂದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ನೋವಿಗೆ ಅಳುತ್ತಿದ್ದರೆ ಒತ್ತುವುದು ಬೇಡ.

ಕೊನೆಯದಾಗಿ ಫೋಟೋ ತೆಗೆಯಿರಿ, ಎದುರಿನಿಂದ ಒಂದು, ಎರಡೂ ಬದಿಯಿಂದ ಒಂದೊಂದು. ಡಾಕ್ಟರ್ ಹತ್ತಿರ ಹೋಗುವಷ್ಟರಲ್ಲಿ ಊತ ಇಳಿದಿದ್ದರೆ ಈ ಫೋಟೋನೇ ಸಾಕ್ಷಿ.

ಮಂಗನಬಾವು ಆಗಿದ್ದರೆ

ಇದು ವೈರಸ್ಸಿನಿಂದ ಬರುವ ಕಾಯಿಲೆ. ಎಂಜಲು, ಕೆಮ್ಮು, ಸೀನಿನಿಂದ ಹರಡುತ್ತದೆ. ಸೋಂಕು ತಗುಲಿದ 16ರಿಂದ 18 ದಿನಕ್ಕೆ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ, 12ರಿಂದ 25 ದಿನದ ಒಳಗೆ ಯಾವಾಗಲಾದರೂ ಆಗಬಹುದು. ಅದಕ್ಕೇ ಎರಡು ಮೂರು ವಾರದ ಹಿಂದೆ ಶಾಲೆಯಲ್ಲೋ ಮದುವೆ ಮನೆಯಲ್ಲೋ ಯಾರಿಗಾದರೂ ಇತ್ತಾ ಅಂತ ನೆನಪಿಸಿಕೊಳ್ಳಬೇಕು, ನಿನ್ನೆ ಮೊನ್ನೆಯದಲ್ಲ. ಮೊದಲು ಜ್ವರ, ತಲೆನೋವು, ಸುಸ್ತು. ಆಮೇಲೆ ಒಂದು ಕಡೆ ಊತ, ಎಷ್ಟೋ ಮಕ್ಕಳಿಗೆ ಒಂದೆರಡು ದಿನದಲ್ಲಿ ಇನ್ನೊಂದು ಕಡೆಯೂ ಊದುತ್ತದೆ. ಹೆಚ್ಚಾಗಿ ವಾರ, ಹತ್ತು ದಿನದಲ್ಲಿ ಇಳಿಯುತ್ತದೆ.

ವೈರಸ್ ಆದ್ದರಿಂದ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಮಾಡಬೇಕಾದದ್ದು ನೋವು ಕಡಿಮೆ ಮಾಡುವುದು, ನೀರು ಕುಡಿಸುವುದು, ವಿಶ್ರಾಂತಿ ಕೊಡುವುದು. ಪ್ಯಾರಸಿಟಮಾಲ್ ಅನ್ನು ಮಗುವಿನ ತೂಕ ನೋಡಿ ಕೊಡಬೇಕು, ವಯಸ್ಸು ನೋಡಿ ಅಲ್ಲ. ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ಇಲ್ಲೇ ತುಂಬಾ ಜನ ಎಡವುತ್ತಾರೆ, ಯಾಕೆಂದರೆ ಅಂಗಡಿಯಲ್ಲಿ ಸಿಗುವ ಸಿರಪ್‌ಗಳು ಒಂದೇ ಶಕ್ತಿಯವಲ್ಲ: ಒಂದು ಬಾಟಲಿಯಲ್ಲಿ 5 ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂ ಇದ್ದರೆ, ಪಕ್ಕದ ಬಾಟಲಿಯಲ್ಲಿ 250 ಇರುತ್ತದೆ. 16 ಕಿಲೋ ಮಗುವಿಗೆ 200 ಮಿಲಿಗ್ರಾಂ ಬೇಕು ಅಂದುಕೊಳ್ಳಿ, 250ರ ಬಾಟಲಿಯಾದರೆ 4 ಎಂಎಲ್ ಸಾಕು, 125ರದ್ದಾದರೆ 8 ಎಂಎಲ್. ಲೇಬಲ್ ಓದಿ, ಡಾಕ್ಟರ್ ಹತ್ತಿರ ಎಂಎಲ್ ಲೆಕ್ಕದಲ್ಲಿ ಬರೆಸಿಕೊಳ್ಳಿ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬೇಡಿ. ವೈರಸ್ ಜ್ವರದಲ್ಲಿ ಅದು ಲಿವರ್ ಮತ್ತು ಮೆದುಳಿಗೆ ಅಪಾಯ ತರಬಹುದು.

ಊಟಕ್ಕೆ ಗಂಜಿ, ರಾಗಿ ಅಂಬಲಿ, ಮೆತ್ತಗೆ ಕಲಸಿದ ಅನ್ನ ತೊವ್ವೆ. ಹುಳಿ ಬೇಡ. ಹುಣಸೆಹಣ್ಣಿನ ಸಾರು, ನಿಂಬೆ, ಕಿತ್ತಳೆ, ಉಪ್ಪಿನಕಾಯಿ ಯಾವುದು ತಿಂದರೂ ಜೊಲ್ಲು ಜಾಸ್ತಿ ಸುರಿಯಲು ನೋಡುತ್ತದೆ, ಊದಿದ ಗ್ರಂಥಿ ಹಿಂಡಿದ ಹಾಗಾಗಿ ಮಗು ಚೀರುತ್ತದೆ. ಕೆನ್ನೆಗೆ ತಣ್ಣನೆಯ ಬಟ್ಟೆಯೋ ಬೆಚ್ಚನೆಯ ಬಟ್ಟೆಯೋ, ಮಗುವಿಗೆ ಯಾವುದು ಹಿತವೋ ಅದು. ಹಿರಿಯರು ನೀಲಿ ಬಳಿಯಬೇಕು, ಸುಣ್ಣ ಹಚ್ಚಬೇಕು, ಕೊರಳಿಗೆ ಚಿನ್ನದ ಸರ ಹಾಕಬೇಕು ಅನ್ನುತ್ತಾರೆ. ಸರ ಹಾಕಿದರೆ ನಷ್ಟವಿಲ್ಲ, ಅಜ್ಜಿಗೂ ಸಮಾಧಾನ. ಸುಣ್ಣ ಮಾತ್ರ ಖಂಡಿತ ಬೇಡ, ಮಗುವಿನ ಚರ್ಮ ಸುಡುತ್ತದೆ.

ಊತ ಶುರುವಾದ ದಿನದಿಂದ ಐದು ದಿನ ಶಾಲೆಗೆ ಕಳಿಸಬೇಡಿ, ಟೀಚರಿಗೆ ಫೋನ್ ಮಾಡಿ ತಿಳಿಸಿ. ಲೋಟ, ಚಮಚ ಬೇರೆ ಇಡಿ. ಈ ದಿನಗಳಲ್ಲಿ ನಾಲ್ಕು ವಿಷಯದ ಮೇಲೆ ಕಣ್ಣಿಡಿ. ಒಂದು, ತಡೆಯಲಾರದ ತಲೆನೋವು, ಕುತ್ತಿಗೆ ಬಿಗಿತ, ಮಂಪರು: ಮೆದುಳಿನ ಪೊರೆಗೆ ಸೋಂಕು ತಗುಲಿರಬಹುದು. ಎರಡು, ಬಿಡದ ಹೊಟ್ಟೆನೋವು ಮತ್ತು ವಾಂತಿ. ಮೂರು, ದೊಡ್ಡ ಹುಡುಗರಲ್ಲಿ ಬೀಜದ ನೋವು, ಊತ. ಇದನ್ನು ಹೇಳಿಕೊಳ್ಳಲು ಹುಡುಗರು ನಾಚುತ್ತಾರೆ, ನೀವೇ ಕೇಳಿ. ನಾಲ್ಕನೆಯದು ಕಿವಿ. ಮಂಗನಬಾವಿನಿಂದ ಅಪರೂಪಕ್ಕೆ ಒಂದು ಕಿವಿ ಕೇಳಿಸದ ಹಾಗಾಗುತ್ತದೆ, ಇನ್ನೊಂದು ಕಿವಿ ಸರಿಯಿರುವುದರಿಂದ ಎಷ್ಟೋ ಸಲ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಫೋನನ್ನು ಒಂದು ಕಿವಿಗೆ ಹಿಡಿದು ಅಜ್ಜನ ಹತ್ತಿರ ಮಾತಾಡಿಸಿ, ಆಮೇಲೆ ಇನ್ನೊಂದು ಕಿವಿಗೆ. ಒಂದು ಕಡೆ ತಡವರಿಸಿದರೆ ಕೂಡಲೇ ತೋರಿಸಿ.

ಮತ್ತೆ ಮತ್ತೆ ಊದುತ್ತಿದ್ದರೆ

ನಮ್ಮ ಮಗನಿಗೆ ಇದ್ದದ್ದು ಇದೇ. ಮಕ್ಕಳಲ್ಲಿ ಮರುಕಳಿಸುವ ಪೆರೋಟಿಡ್ ಬಾವು ಅನ್ನಬಹುದು. ಹೆಚ್ಚಾಗಿ ಮೂರರಿಂದ ಆರು ವರ್ಷದ ಒಳಗೆ ಶುರುವಾಗುತ್ತದೆ, ಹುಡುಗರಲ್ಲಿ ಸ್ವಲ್ಪ ಜಾಸ್ತಿ. ಸಾಮಾನ್ಯವಾಗಿ ಒಂದೇ ಕಡೆ ಊದುತ್ತದೆ, ಕೆಲವು ದಿನ ಇದ್ದು ಇಳಿಯುತ್ತದೆ, ಮಧ್ಯದಲ್ಲಿ ಮಗು ಪೂರ್ತಿ ಆರಾಮ. ಅಲ್ಟ್ರಾಸೌಂಡ್ ಮಾಡಿದಾಗ ಗ್ರಂಥಿಯ ಒಳಗೆ ಸಣ್ಣ ಸಣ್ಣ ಕಪ್ಪು ಚುಕ್ಕಿಗಳು ಕಾಣುತ್ತವೆ. ನಮ್ಮ ಡಾಕ್ಟರ್ ಪರದೆ ತಿರುಗಿಸಿ ತೋರಿಸಿದರು, ರವೆ ಚೆಲ್ಲಿದ ಹಾಗಿತ್ತು. ಸೂಜಿ ಇಲ್ಲ, ನೋವಿಲ್ಲ. ಪದೇ ಪದೇ ಆಗುವ ಮಗುವಿಗೆ ಈ ಒಂದು ಪರೀಕ್ಷೆಯನ್ನು ನೀವೇ ಕೇಳಿ ಮಾಡಿಸಿ.

ಇದು ಅಂಟುವ ಕಾಯಿಲೆ ಅಲ್ಲ, ಮಗುವನ್ನು ದೂರ ಇಡಬೇಕಿಲ್ಲ. ಬಹಳಷ್ಟು ಮಕ್ಕಳಿಗೆ ಹರೆಯಕ್ಕೆ ಬರುವ ಹೊತ್ತಿಗೆ ತಾನಾಗಿಯೇ ನಿಲ್ಲುತ್ತದೆ. ಅಲ್ಲಿಯವರೆಗೆ ಮಾಡಬೇಕಾದದ್ದು ಜೊಲ್ಲು ಗ್ರಂಥಿಯಲ್ಲೇ ನಿಲ್ಲದೆ ಹರಿಯುವ ಹಾಗೆ ನೋಡಿಕೊಳ್ಳುವುದು. ಬೆಳಿಗ್ಗೆ ಎದ್ದ ಕೂಡಲೇ ನೀರು, ಶಾಲೆಯಿಂದ ಬಾಟಲಿ ಖಾಲಿ ಆಗಿಯೇ ಬರಬೇಕು. ರಾತ್ರಿ ಹಲ್ಲುಜ್ಜುವುದು ತಪ್ಪಬಾರದು. ಊತ ಬಂದಾಗ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹತ್ತು ನಿಮಿಷ ಇಟ್ಟು, ಎರಡು ಬೆರಳಿಂದ ಕಿವಿಯ ಮುಂದಿನಿಂದ ಬಾಯಿಯ ಮೂಲೆಯ ಕಡೆಗೆ, ಯಾವಾಗಲೂ ಅದೇ ದಿಕ್ಕಿಗೆ, ಬೆಣ್ಣೆ ಸವರಿದ ಹಾಗೆ ನೀವಿ. ಮಂಗನಬಾವಿನಲ್ಲಿ ಬೇಡ ಅಂದ ಹುಳಿ ಇಲ್ಲಿ ಔಷಧಿ: ತೀವ್ರ ನೋವು ಕಡಿಮೆಯಾದ ಮೇಲೆ ಒಂದು ಕಿತ್ತಳೆ ತೊಳೆ, ನಾಲಿಗೆಗೆ ಎರಡು ಹನಿ ನಿಂಬೆರಸ ಕೊಟ್ಟರೆ ಜೊಲ್ಲು ಹರಿದು ನಾಳ ತೊಳೆಯುತ್ತದೆ. ಹುಳಿ ಪೆಪ್ಪರಮಿಂಟ್ ಸಣ್ಣ ಮಕ್ಕಳಿಗೆ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಪ್ರತಿ ಸಲ ಆಂಟಿಬಯೋಟಿಕ್ ಬೇಕಿಲ್ಲ. ಜಾಸ್ತಿ ಜ್ವರ, ಕೆಂಪಾದ ಬಿಸಿ ಚರ್ಮ, ಕೀವು ಇದ್ದರೆ ಮಾತ್ರ ಬ್ಯಾಕ್ಟೀರಿಯಾ ಸೋಂಕಿನ ಅನುಮಾನ, ಆಗ ಡಾಕ್ಟರ್ ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ವರ್ಷಕ್ಕೆ ಹಲವು ಸಲ ಬರುತ್ತಿದ್ದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಸುಮಾರು ಒಂದು ಮಿಲಿಮೀಟರ್ ದಪ್ಪದ ಕ್ಯಾಮೆರಾ ಹಾಕಿ ನಾಳವನ್ನು ಒಳಗಿನಿಂದ ತೊಳೆಯುವ ಚಿಕಿತ್ಸೆ ಇದೆ, ಸಯಲೆಂಡೋಸ್ಕೋಪಿ ಅಂತ. ಎರಡೂ ಕಡೆ ಊದುತ್ತಿದ್ದರೆ, ಕಣ್ಣು ಬಾಯಿ ಒಣಗುತ್ತಿದ್ದರೆ ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ರಕ್ತ ಪರೀಕ್ಷೆಗಳನ್ನೂ ಮಾಡಿಸುತ್ತಾರೆ.

ಒಂದು ಸಣ್ಣ ಪುಸ್ತಕ ಇಡಿ. ತಾರೀಕು, ಯಾವ ಕಡೆ, ಎಷ್ಟು ದಿನ, ಜ್ವರ ಇತ್ತಾ, ಏನು ಕೊಟ್ಟೆವು. ಇಷ್ಟು ಸಾಕು.

ಉಳಿದವು

ಊಟಕ್ಕೆ ಕೂತಾಗ ಮಾತ್ರ ದವಡೆಯ ಕೆಳಗೆ ಊದಿ, ಒಂದೆರಡು ಗಂಟೆಯಲ್ಲಿ ಇಳಿದರೆ ನಾಳದಲ್ಲಿ ಕಲ್ಲು ಇರಬಹುದು. ಮಕ್ಕಳಲ್ಲಿ ಅಪರೂಪ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಕೆಳತುಟಿಯ ಒಳಗೆ ನೀಲಿ ಛಾಯೆಯ ನೀರುಗುಳ್ಳೆ ಎದ್ದಿದ್ದರೆ ಮಗು ತುಟಿ ಕಚ್ಚಿಕೊಳ್ಳುತ್ತಿದೆಯಾ ನೋಡಿ. ಅಲ್ಲಿನ ಪುಟಾಣಿ ಗ್ರಂಥಿಯ ನಾಳ ಒಡೆದು ಜೊಲ್ಲು ಒಳಗೇ ತುಂಬಿಕೊಂಡಿರುತ್ತದೆ. ಸೂಜಿಯಿಂದ ಚುಚ್ಚಬೇಡಿ, ಚುಚ್ಚಿದರೂ ಮತ್ತೆ ತುಂಬುತ್ತದೆ, ಸೋಂಕು ಬೇರೆ. ಕೆಲವು ತಾವಾಗಿ ಹೋಗುತ್ತವೆ, ಉಳಿದರೆ ಸಣ್ಣ ಆಪರೇಷನ್. ನಾಲಿಗೆಯ ಅಡಿಯಲ್ಲಿ ಕಪ್ಪೆಯ ಹೊಟ್ಟೆಯ ಹಾಗೆ ಉಬ್ಬಿದರೂ ಹೆಚ್ಚುಕಡಿಮೆ ಇದೇ ಕಥೆ, ಅದನ್ನು ಬೇಗ ತೋರಿಸಿ.

ಕಾಯದೆ ಹೋಗಬೇಕಾದದ್ದು ಯಾವಾಗ? ಹಸುಗೂಸಿನ ಕೆನ್ನೆ ಕೆಂಪಾಗಿ ಊದಿ ಹಾಲು ಬಿಟ್ಟಾಗ. ನುಂಗಲು, ಉಸಿರಾಡಲು ಕಷ್ಟ ಆದಾಗ, ಆಗ 108ಕ್ಕೆ ಫೋನ್ ಮಾಡಿ. ಆರು ಗಂಟೆಗಳ ಕಾಲ ಮೂತ್ರ ಹೋಗದಿದ್ದಾಗ. ನೋವೇ ಇಲ್ಲದ ಗಟ್ಟಿ ಗಂಟು ವಾರದಿಂದ ವಾರಕ್ಕೆ ದೊಡ್ಡದಾಗುತ್ತಿದ್ದರೆ, ನಕ್ಕಾಗ ಬಾಯಿ ಒಂದು ಕಡೆ ಎಳೆದರೆ, ಒಂದು ಕಣ್ಣು ಪೂರ್ತಿ ಮುಚ್ಚದಿದ್ದರೆ ಅದನ್ನು ಸುಮ್ನೆ ಬಿಡಬಾರದು. ನೋವಿಲ್ಲ ಅಂತ ಜನ ತಿಂಗಳುಗಟ್ಟಲೆ ಕಾಯುತ್ತಾರೆ, ಆದರೆ ಇಲ್ಲಿ ನೋವಿಲ್ಲದ ಗಂಟೇ ಹೆಚ್ಚು ಚಿಂತೆಯದು.

ಲಸಿಕೆಯ ಬಗ್ಗೆ

ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ 9 ತಿಂಗಳು ತುಂಬಿದಾಗ ಮತ್ತು 16ರಿಂದ 24 ತಿಂಗಳಲ್ಲಿ ಕೊಡುವುದು ಎಂಆರ್. ಅದು ದಡಾರ ಮತ್ತು ರುಬೆಲ್ಲಾಗೆ ಮಾತ್ರ. 2017ರ ಫೆಬ್ರವರಿಯಲ್ಲಿ ಎಂಆರ್ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಶಾಲೆ ಶಾಲೆಗೆ ಬಂದು ಹಾಕಿದ್ದರು. ಎಷ್ಟೋ ಅಪ್ಪ ಅಮ್ಮಂದಿರು ಅದರಲ್ಲೇ ಮಂಗನಬಾವಿನದ್ದೂ ಸೇರಿದೆ ಅಂದುಕೊಂಡಿದ್ದಾರೆ. ಸೇರಿಲ್ಲ. ಅದಕ್ಕೆ ಬೇಕಾದದ್ದು ಎಂಎಂಆರ್, ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ. ಭಾರತೀಯ ಮಕ್ಕಳ ವೈದ್ಯರ ಸಂಘ 9 ತಿಂಗಳು, 15 ತಿಂಗಳು ಮತ್ತು 4ರಿಂದ 6 ವರ್ಷದಲ್ಲಿ ಹೀಗೆ ಮೂರು ಸಲ ಹಾಕಿಸಲು ಹೇಳುತ್ತದೆ. ಸಾಮಾನ್ಯವಾಗಿ ದುಡ್ಡು ಕೊಟ್ಟು ಖಾಸಗಿಯಾಗಿ ಹಾಕಿಸಬೇಕು, ಅದು ನನಗೆ ನಿಜವಾಗಿಯೂ ಬೇಸರದ ವಿಷಯ, ಎಲ್ಲ ಮಕ್ಕಳಿಗೂ ಸಿಗಬೇಕಿತ್ತು. 2024ರ ಆರಂಭದಲ್ಲಿ ಕೇರಳದಲ್ಲಿ ಮಂಗನಬಾವು ಸಾವಿರಾರು ಮಕ್ಕಳಿಗೆ ಹರಡಿತ್ತು.

ಮನೆಯಲ್ಲಿರುವ ತಾಯಿ ಕಾರ್ಡ್ ತೆಗೆದು ನೋಡಿ. ಎರಡು ಸಾಲಿನಲ್ಲೂ ಬರೀ ಎಂಆರ್ ಅಂತಿದ್ದರೆ, ಮಗು ಈಗ ದೊಡ್ಡದಾಗಿದ್ದರೂ ಪರವಾಗಿಲ್ಲ, ಎಂಎಂಆರ್ ಈಗ ಹಾಕಿಸಬಹುದಾ ಅಂತ ಡಾಕ್ಟರನ್ನು ಕೇಳಿ.